ಈ ಭಾನುವಾರ ಕೇಳುವುದು: ಹಿಲ್ದುರ್ ಗುಡ್ನಾಡೋಟಿರ್

ಎಲ್ಲರಿಗೂ ನಮಸ್ಕಾರ. ಈ ಸಲ ಐಸ್‌ಲ್ಯಾಂಡಿನ ಹಿಲ್ದುರ್ ಅವರ ಸಂಗೀತ. ಮೊದಲು 2019ರ 'ಚೆರ್ನೋಬಿಲ್' ಟಿವಿ ಸರಣಿಯದ್ದು ಕೇಳಿ; 1986ರ ಅಣುಸ್ಥಾವರ ದುರಂತದ ಕಥೆ ಅದು. ಅದರಲ್ಲಿ ಪಿಟೀಲು, ಪಿಯಾನೋ ಹುಡುಕಬೇಡಿ. ಅವರು ಲಿಥುವೇನಿಯಾದ ಇಗ್ನಾಲಿನಾದಲ್ಲಿ ಮುಚ್ಚಿದ್ದ ಅಣುಸ್ಥಾವರಕ್ಕೇ ಹೋಗಿ, ಅಲ್ಲಿನ ಪಂಪ್ ಕೋಣೆ, ಬಾಗಿಲುಗಳ ಸದ್ದು ರೆಕಾರ್ಡ್ ಮಾಡಿಕೊಂಡು ಬಂದರು. ಅದಕ್ಕೆ ತಮ್ಮ ದನಿ ಸೇರಿಸಿದರು, ಅಷ್ಟೇ. ವಿಕಿರಣ ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಅದು ಅಲ್ಲೇ ಇದೆ ಅನ್ನಿಸುವುದು ಈ ಸದ್ದಿನಿಂದಲೇ. ಹಿನ್ನೆಲೆ ಸಂಗೀತ ಅಂದರೆ ಸುಮ್ನೆ ಅಳು ತರಿಸುವ ತಂತಿವಾದ್ಯ ಅಂದುಕೊಂಡವರು ಇದನ್ನು ಕೇಳಲೇಬೇಕು.

ಆಮೇಲೆ 'ಜೋಕರ್' ಸಿನಿಮಾದ್ದು. ಚಿತ್ರೀಕರಣಕ್ಕೆ ಮುಂಚೆಯೇ, ಚಿತ್ರಕಥೆ ಓದಿ ಬರೆದ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ಸಂಗೀತ ಇದು. ಅದರಲ್ಲಿ ನಾಯಕ ಶೌಚಾಲಯದಲ್ಲಿ ಒಬ್ಬನೇ ಕುಣಿಯುವ ದೃಶ್ಯ ಹುಟ್ಟಿದ್ದು ಸೆಟ್‌ನಲ್ಲಿ ಇದನ್ನು ಹಾಕಿದಾಗ. 2020ರಲ್ಲಿ ಆಸ್ಕರ್ ಬಂತು. ನನಗೆ ಮಾತ್ರ 'ಚೆರ್ನೋಬಿಲ್' ಒಂದು ಕೈ ಜಾಸ್ತಿ.

ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಮೊಬೈಲ್ ಸ್ಪೀಕರಿನಲ್ಲಿ ಮಂದ್ರ ಸ್ವರಗಳು ಕೇಳಿಸುವುದೇ ಇಲ್ಲ. ಗುಂಪಿಗೆ ಹಾಡಿನ ಫೈಲ್ ಹಾಕಬೇಡಿ, ಲಿಂಕ್ ಸಾಕು. ಅನಿಸಿದ್ದನ್ನು ಎರಡು ಸಾಲು ಬರೆಯಿರಿ, ಬರೀ ಹೆಬ್ಬೆರಳು ಬೇಡ!