ಹುಳುಮನೆಗಿರುವ ಜಾಲರಿ ಬಾಗಿಲು ವಾಸದ ಮನೆಗೂ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಅದರಲ್ಲೂ ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳಲ್ಲಿ, ರೇಷ್ಮೆ ಹುಳು ಸಾಕುವ ಮನೆಯನ್ನು ಕ್ರಮವಾಗಿ ಕಟ್ಟಿಸಿದವರು ಅದಕ್ಕೆ ಎರಡು ಬಾಗಿಲು ಇಡಿಸುತ್ತಾರೆ. ಹೊರಬಾಗಿಲು ದಾಟಿದರೆ ಒಂದು ಸಣ್ಣ ಕೊಠಡಿ, ಅಲ್ಲಿಂದ ಒಳಕ್ಕೆ ಜಾಲರಿಯ ಇನ್ನೊಂದು ಬಾಗಿಲು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಬೆಳೆಗಾರರು ಕಲಿತ ಶಿಸ್ತು ಇದು. ಆ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ; ಮರಿ ಚರ್ಮ ಕೊರೆದು ಒಳಹೊಕ್ಕ ಜಾಗದಲ್ಲಿ ಕಪ್ಪು ಮಚ್ಚೆ ಉಳಿಯುತ್ತದೆ; ಹುಳು ಹೇಗೋ ಗೂಡು ಕಟ್ಟಿದರೂ ಮರಿ ಅದನ್ನು ತೂತು ಮಾಡಿಕೊಂಡು ಹೊರಬರುವುದರಿಂದ ಆ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ನಷ್ಟ ಕಣ್ಣಿಗೆ ಕಾಣುವುದರಿಂದ ಹುಳುಮನೆಯ ಜಾಲರಿಯಲ್ಲಿ ಒಂದು ಎಳೆ ಕಿತ್ತರೂ ಅಂದೇ ಹೊಲಿಯುತ್ತೇವೆ. ಅದೇ ಅಂಗಳದಲ್ಲಿರುವ ವಾಸದ ಮನೆಯ ಬಾಗಿಲು ಮಾತ್ರ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಹಾರುಹೊಡೆದುಕೊಂಡಿರುತ್ತದೆ, ಮಕ್ಕಳು ಅದರೊಳಗೇ ಆಡಿಕೊಂಡಿರುತ್ತಾರೆ. ವಾಸದ ಮನೆಯ ಮುಂಬಾಗಿಲಿಗೆ ಹೊರಗಿನಿಂದ ಒಂದು ಜಾಲರಿ ಬಾಗಿಲನ್ನು ಮನೆಯವರೇ ಕೂರಿಸಿಕೊಳ್ಳಬಹುದು, ಕೂರಿಸಿಕೊಳ್ಳಬೇಕು ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದ್ದು. ಬೆಳಿಗ್ಗೆ ಬಿಸಿಲು ಏರುವ ಮುನ್ನ ಮತ್ತು ಸಂಜೆ ಹೊತ್ತು ಮುಳುಗುವ ಮುನ್ನ ಅದರ ಹಾವಳಿ ಹೆಚ್ಚು. ಆದ್ದರಿಂದ ರಾತ್ರಿ ಪರದೆ ಕಟ್ಟಿ ಮಲಗಿದ ಮಾತ್ರಕ್ಕೆ ಅದರಿಂದ ಪಾರಾದಂತಾಗುವುದಿಲ್ಲ. ಕೆರೆಗಳಿಗೆ ಸಂಸ್ಕರಿಸಿದ ಕೊಳಚೆ ನೀರು ಹರಿಸಿದ ಮೇಲೆ ಸೊಳ್ಳೆ ಹೆಚ್ಚಾಯಿತೆಂದು ನಮ್ಮಲ್ಲಿ ಬಹಳ ಮಂದಿ ದೂರುತ್ತಾರೆ. ಬೇರೆ ಜಾತಿಯ ಸೊಳ್ಳೆಗಳ ಮಾತು ಏನೇ ಇರಲಿ, ಈಡಿಸ್ ಹುಟ್ಟುವುದು ಮುಚ್ಚಳವಿಲ್ಲದ ಸಂಪು, ಡ್ರಮ್ಮು, ಸಿಮೆಂಟ್ ತೊಟ್ಟಿ, ಹಳೆಯ ಟೈರುಗಳಲ್ಲಿ ನಿಂತ ನೀರಿನಲ್ಲಿ. ಮೊಟ್ಟೆಯೊಡೆದು ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. 2023ರಲ್ಲಿ ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಸಂಗ್ರಹಿಸಿದ ಸೊಳ್ಳೆಗಳ ಮಾದರಿಯಲ್ಲಿ ಝೀಕಾ ವೈರಾಣು ಪತ್ತೆಯಾದಾಗ ಇಡೀ ರಾಜ್ಯ ಇತ್ತ ನೋಡಿತ್ತು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಅವಕಾಶ ಕೊಡುವ ಮನೆಯವರಿಗೆ ದಂಡ ವಿಧಿಸುವ ನಿಯಮವನ್ನೂ ತಂದಿತು. ನೀರಿನ ವಿಚಾರದಲ್ಲಿ ಎಚ್ಚರಿಕೆ ಅಷ್ಟಿಷ್ಟು ಮೂಡಿದೆ. ಬಾಗಿಲಿನ ವಿಚಾರವನ್ನು ಯಾರೂ ಎತ್ತುತ್ತಿಲ್ಲ.

ಅಮೆರಿಕ, ಕೆನಡಾಗಳ ಚಳಿ ಪ್ರದೇಶಗಳಲ್ಲಿ ಮುಂಬಾಗಿಲಿನ ಹೊರಗೆ ಸ್ಟಾರ್ಮ್ ಡೋರ್ ಎಂಬ ಎರಡನೆಯ ಬಾಗಿಲು ಇರುವುದು ಸಾಮಾನ್ಯ. ಚಳಿಗಾಲಕ್ಕೆ ಗಾಜು, ಬೇಸಿಗೆಗೆ ಜಾಲರಿ ಹಾಕಿಕೊಳ್ಳುವ ಹಾಗೆ ಅದನ್ನು ಮಾಡಿರುತ್ತಾರೆ. ಚೌಕಟ್ಟು, ತಿರುಗಣಿ (ಹಿಂಜ್), ತಾನಾಗಿ ಮುಚ್ಚಿಕೊಳ್ಳುವ ಸಲಕರಣೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸಿಗುವುದರಿಂದ ಅಲ್ಲಿ ಎಷ್ಟೋ ಮನೆಗಳವರು ಅದನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ಅದರ ವಿಡಿಯೊ ನೋಡಿ ಇಲ್ಲಿಯೂ ಗಾಜಿನ ಬಾಗಿಲು ಹಾಕಿಸಲು ಹೊರಟವರಿಗೆ ನನ್ನ ವಿನಂತಿ: ದಯವಿಟ್ಟು ಬೇಡ. ಬಿಸಿಲು ಬೀಳುವ ಕಡೆ ಗಾಜು ಹಾಕಿದರೆ ಎರಡು ಬಾಗಿಲುಗಳ ನಡುವೆ ಕಾವು ಸಿಕ್ಕಿಕೊಂಡು ಒಳಬಾಗಿಲಿನ ಬಣ್ಣ ಏಳುತ್ತದೆ. ತಂಪು ದೇಶದವರೂ ಇದನ್ನು ಅನುಭವಿಸಿ ತಿಳಿದಿದ್ದಾರೆ. ನಮ್ಮ ಬಯಲುಸೀಮೆಗೆ ಬೇಕಾದದ್ದು ಗಾಳಿಯನ್ನು ಬಿಟ್ಟು ಸೊಳ್ಳೆಯನ್ನು ತಡೆಯುವ ಬಾಗಿಲು. ಆ ಪರದೇಶದ ಬಾಗಿಲಿನಿಂದ ನಾವು ತೆಗೆದುಕೊಳ್ಳಬೇಕಾದ ಸಂಗತಿಗಳು ಎರಡು. ಅದು ಹೊರಕ್ಕೆ ತೆರೆಯುತ್ತದೆ, ಮತ್ತು ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ.

ಜಾಲರಿ ಆರಿಸುವಾಗ ಹುಳುಮನೆಯ ಅಭ್ಯಾಸ ನಮ್ಮನ್ನು ದಾರಿ ತಪ್ಪಿಸಬಹುದು. ಊಜಿ ನೊಣ ಮನೆನೊಣಕ್ಕಿಂತ ದೊಡ್ಡದು. ಅದನ್ನು ತಡೆಯುವ ನೈಲಾನ್ ಬಲೆಯಲ್ಲಿ ಸೊಳ್ಳೆ ನುಸುಳಬಹುದು. ಇಂಚಿಗೆ 16ರಿಂದ 18 ಎಳೆ ಇರುವ, ಕಣ್ಣು ಒಂದು ಮಿಲಿಮೀಟರಿಗೆ ತುಸು ಮೀರಿದ ಜಾಲರಿ ಬೇಕು. ಅದಕ್ಕಿಂತ ಬಹಳ ಸಣ್ಣ ಕಣ್ಣಿನದನ್ನು ಹಾಕಿದರೆ ಗಾಳಿಯಾಡುವುದಿಲ್ಲ, ನಾಲ್ಕು ದಿನದಲ್ಲಿ ಮನೆಯವರೇ ಬಾಗಿಲು ತೆರೆದಿಡಲು ತೊಡಗುತ್ತಾರೆ. ಫೈಬರ್ ಜಾಲರಿ ಅಗ್ಗ, ಎಳೆದು ಕೂರಿಸುವುದೂ ಸುಲಭ. ಬೆಕ್ಕು ಪರಚುವ, ಇಲಿ ಕಡಿಯುವ ಹಳ್ಳಿಯ ಮನೆಗೆ ಸ್ಟೇನ್‌ಲೆಸ್ ಸ್ಟೀಲಿನದೇ ಮೇಲು. ಮಕ್ಕಳು ಒದೆಯುವ ಕೆಳಭಾಗಕ್ಕೆ ಜಾಲರಿಯ ಬದಲು ತಗಡು ಅಥವಾ ಹಲಗೆ ಹಾಕಿ, ಸೊಂಟದ ಎತ್ತರಕ್ಕೆ ಒಂದು ಅಡ್ಡಪಟ್ಟಿ ಕೊಟ್ಟರೆ ಬಾಗಿಲು ಬಹಳ ಕಾಲ ಬರುತ್ತದೆ.

ಇಡೀ ಕೆಲಸದ ಜೀವ ಅಳತೆಯಲ್ಲಿದೆ. ಬಾಗಿಲುವಾಡದ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆಯಬೇಕು. ಹಳೆಯ ಮನೆಗಳಲ್ಲಿ ಈ ಮೂರೂ ಒಂದೇ ಆಗಿರುವುದು ಅಪರೂಪ, ಆದ್ದರಿಂದ ಅತಿ ಕಡಿಮೆ ಬಂದದ್ದನ್ನೇ ಹಿಡಿಯಬೇಕು. ಎತ್ತರಕ್ಕೂ ಹೀಗೆಯೇ. ಬಳಿಕ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದು, ಅವು ಸಮನಾಗಿಲ್ಲದಿದ್ದರೆ ಬಾಗಿಲುವಾಡ ಓರೆಯಾಗಿದೆಯೆಂದು ತಿಳಿದು, ತೂಗುಗುಂಡು ಬಿಟ್ಟು ಯಾವ ಕಂಬ ವಾಲಿದೆ ಎಂದು ನೋಡಿಕೊಳ್ಳಬೇಕು. ಬಾಗಿಲಿನ ಎರಡು ಮಗ್ಗುಲಿಗೂ ಮೂರು ಮಿಲಿಮೀಟರಿನಷ್ಟು ಸಂದು ಬಿಡಬೇಕು. ಮರದ ಬಾಗಿಲಾದರೆ ಇನ್ನೂ ಒಂದು ಮಿಲಿಮೀಟರು ಹೆಚ್ಚಿರಲಿ, ಏಕೆಂದರೆ ಬೇಸಿಗೆಯಲ್ಲಿ ಸರಾಗವಾಗಿ ಆಡಿದ ಬಾಗಿಲು ಮಳೆಗಾಲ ಹಿಡಿದ ಮೇಲೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಸಂದನ್ನು ಒಳಗಿನಿಂದ ತೆಳು ಪಟ್ಟಿ ಬಡಿದು ಮುಚ್ಚಿಕೊಳ್ಳಬಹುದು.

ಬಹಳ ಮಂದಿ ಗಮನಿಸದ ತೊಡಕು ಮುಂಬಾಗಿಲಿನ ಹೊರಮೈಯಲ್ಲಿದೆ. ಬೀಗ ಹಾಕುವ ಆಲ್‌ಡ್ರಾಪ್, ಹಿತ್ತಾಳೆಯ ಹಿಡಿ, ತೋರಣದ ಮೊಳೆ ಇವೆಲ್ಲ ಹೊರಕ್ಕೆ ಚಾಚಿಕೊಂಡಿರುತ್ತವೆ. ಐದು ಇಂಚು ಆಳದ ಬಾಗಿಲುವಾಡವಾದರೆ ಎರಡು ಬಾಗಿಲುಗಳ ನಡುವೆ ಸಾಕಷ್ಟು ಜಾಗ ಸಿಗುತ್ತದೆ; ಅದಕ್ಕಿಂತ ಕಿರಿದಾದರೆ ಆಲ್‌ಡ್ರಾಪ್ ಜಾಲರಿಗೆ ತಾಗುತ್ತದೆ. ಆಗ ಬಾಗಿಲುವಾಡದ ಹೊರಮುಖಕ್ಕೆ ಸುತ್ತಲೂ ಒಂದೂವರೆ ಇಂಚಿನ ಮರದ ಪಟ್ಟಿ ಕೂರಿಸಿ, ಜಾಲರಿ ಬಾಗಿಲನ್ನು ಆ ಪಟ್ಟಿಗೆ ತೂಗಿಬಿಡಬೇಕು. ಗೋಡೆಯ ಗಾರೆ ಬಾಗಿಲುವಾಡಕ್ಕಿಂತ ಮುಂದಕ್ಕೆ ಬಂದಿದ್ದರೂ ಈ ಪಟ್ಟಿಯಿಂದಲೇ ಸಮವಾಗುತ್ತದೆ.

ತಿರುಗಣಿಗಳು ಮೂರು ಇರಲಿ. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಮಗ್ಗುಲಿಗೇ ತಿರುಗಣಿ ಬರಬೇಕು. ಹಾಗಿದ್ದರೆ ಆಷಾಢದ ಗಾಳಿ ಬಾಗಿಲನ್ನು ಮುಚ್ಚುವ ಕಡೆಗೆ ತಳ್ಳುತ್ತದೆ. ತಿರುವು ಮುರುವಾದರೆ ಅದೇ ಗಾಳಿ ಬಾಗಿಲಿನ ಹಿಂದಕ್ಕೆ ಹೊಕ್ಕು ಗೋಡೆಗೆ ಅಪ್ಪಳಿಸುತ್ತದೆ, ಒಂದೇ ಮಳೆಗಾಲಕ್ಕೆ ಸ್ಕ್ರೂಗಳು ಸಡಿಲವಾಗುತ್ತವೆ. ಗಟ್ಟಿ ಮರದ ಹಳೆಯ ಬಾಗಿಲುವಾಡಕ್ಕೆ ನೇರವಾಗಿ ಸ್ಕ್ರೂ ತಿರುಗಿಸಿದರೆ ಒಂದೋ ಸ್ಕ್ರೂ ಮುರಿಯುತ್ತದೆ, ಇಲ್ಲವೇ ಮರ ಸೀಳುತ್ತದೆ. ಸ್ಕ್ರೂವಿಗಿಂತ ತುಸು ಸಣ್ಣ ಬಿಟ್ ಹಾಕಿ ಮೊದಲು ತೂತು ಕೊರೆದು, ಸ್ಕ್ರೂವಿನ ಸುರುಳಿ ಗೆರೆಗಳಿಗೆ ಸಾಬೂನು ಸವರಿ ತಿರುಗಿಸಬೇಕು. ಮರದ ಬಾಗಿಲಿಗೆ ಓರೆಪಟ್ಟಿ ಕೊಡುವುದಾದರೆ ಅದು ತಿರುಗಣಿಯ ಕಡೆಯ ಕೆಳಮೂಲೆಯಿಂದ ಚಿಲಕದ ಕಡೆಯ ಮೇಲ್ಮೂಲೆಗೆ ಹೋಗಬೇಕು, ಆಗಲೇ ಅದು ಬಾಗಿಲಿನ ಭಾರ ಹೊರುವುದು. ಬಣ್ಣದ ಕೆಲಸ ಎಲ್ಲರಿಗೂ ಗೊತ್ತಿರುವಂಥದ್ದೇ.

ಕೆಳಗಿನ ಸಂದಿನ ಬಗ್ಗೆ ಮಾತ್ರ ಇನ್ನಷ್ಟು ಹೇಳಬೇಕು. ಹಳೆಯ ಮನೆಗಳ ಹೊಸ್ತಿಲು ತುಳಿದು ತುಳಿದು ನಡುವೆ ಸವೆದು ತಗ್ಗಾಗಿರುತ್ತದೆ. ನಮ್ಮ ಮನೆಯದೂ ಹಾಗೆಯೇ ಇದ್ದುದರಿಂದ ರಬ್ಬರ್ ಪಟ್ಟಿ ಎರಡು ತುದಿಗಳಲ್ಲಿ ಹೊಸ್ತಿಲಿಗೆ ತಾಗಿ, ನಡುವೆ ಬೆರಳು ತೂರುವಷ್ಟು ಜಾಗ ಉಳಿಯುತ್ತಿತ್ತು. ಅದರ ಬದಲು ಕೂದಲಿನ ಬ್ರಷ್ ಪಟ್ಟಿ ಹಾಕಿ, ನಡುಭಾಗಕ್ಕೆ ಉದ್ದನೆಯ ಕೂದಲು ಬರುವಂತೆ ಎರಡು ತುಂಡು ಮಾಡಿ ಜೋಡಿಸಿದ ಮೇಲೆ ಸಂದು ಮುಚ್ಚಿತು. ಹೊಸ್ತಿಲಿಗೆ ಹಚ್ಚಿದ ಅರಿಶಿನ ಕುಂಕುಮವೂ ಅಳಿಸುವುದಿಲ್ಲ. ಬಾಗಿಲು ಹೊರಕ್ಕೆ ತೆರೆದಾಗ ರಂಗೋಲಿಯ ಮೇಲೆ ಹಾಯುತ್ತದೆಂಬ ಹೆಂಗಸರ ಆತಂಕ ನ್ಯಾಯವಾದದ್ದೇ. ಹೊಸ್ತಿಲು ನೆಲಕ್ಕಿಂತ ಎತ್ತರದಲ್ಲಿದ್ದು, ಬಾಗಿಲಿನ ತಳ ಹೊಸ್ತಿಲ ಮಟ್ಟದಲ್ಲಿಯೇ ನಿಂತರೆ ರಂಗೋಲಿಯ ಪುಡಿಗೆ ಅದು ಸೋಕುವುದಿಲ್ಲ. ಎಲ್ಲ ಮುಗಿದ ಮೇಲೆ ಹಗಲು ಹೊತ್ತಿನಲ್ಲಿ ಒಳಗಿನ ಕಿಟಕಿಗಳನ್ನು ಮುಚ್ಚಿ ಕತ್ತಲೆ ಮಾಡಿಕೊಂಡು ಬಾಗಿಲಿನ ಅಂಚುಗಳನ್ನು ನೋಡಬೇಕು. ಎಲ್ಲಿ ಬೆಳಕಿನ ಗೆರೆ ಕಾಣುತ್ತದೆಯೋ ಅಲ್ಲಿ ಸೊಳ್ಳೆಗೂ ದಾರಿ ಇರುತ್ತದೆ.

ಮುಸ್ಸಂಜೆಯಲ್ಲಿ ಬಾಗಿಲು ಮುಚ್ಚಿದರೆ ಲಕ್ಷ್ಮಿ ಬರುವುದಿಲ್ಲವೆಂದು ಹಿರಿಯರು ಹೇಳುತ್ತಾರೆ. ಜಾಲರಿ ಬಾಗಿಲಿದ್ದರೆ ಮುಂಬಾಗಿಲನ್ನು ಪೂರ್ತಿ ತೆರೆದಿಡಬಹುದು, ದೇವರ ಮನೆಯ ದೀಪ ಬೀದಿಗೆ ಕಾಣುತ್ತದೆ, ಬಂದವರ ಮುಖ ಒಳಗಿನವರಿಗೆ ಕಾಣುತ್ತದೆ. ಕಳ್ಳರಿಂದ ಇದು ರಕ್ಷಣೆಯಲ್ಲ, ಆ ಕೆಲಸ ಒಳಬಾಗಿಲಿನದು. ಹಾಗಾಗಿ ಜಾಲರಿ ಬಾಗಿಲಿಗೆ ಬೀಗ ಹಾಕುವ ಏರ್ಪಾಟು ಮಾಡಲೇಬಾರದು. ಬೆಂಕಿಯೋ ಹೊಗೆಯೋ ಆದಾಗ ಮಗುವಾಗಲಿ ಮುದುಕರಾಗಲಿ ಒಂದೇ ಕೈಯಲ್ಲಿ ತಳ್ಳಿ ಹೊರಬರುವಂತಿರಬೇಕು. ಕಿಟಕಿಗಳಿಗೂ ಬಚ್ಚಲಿನ ಗವಾಕ್ಷಿಗೂ ಜಾಲರಿ ಹಾಕದೆ ಬಾಗಿಲಿಗೆ ಮಾತ್ರ ಹಾಕಿದರೆ ಪ್ರಯೋಜನ ಅರ್ಧಕ್ಕಿಂತ ಕಡಿಮೆ.

ಈ ಕೆಲಸ ಮಾಡಬಲ್ಲ ಕೈಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಹುಳುಮನೆಗೆ ಬಲೆ ಬಿಗಿದು, ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟೆ ರಿಪೇರಿ ಮಾಡಿಕೊಂಡು ಅಭ್ಯಾಸವಿರುವ ಬೆಳೆಗಾರನಿಗೆ ಒಂದು ಡ್ರಿಲ್, ಒಂದು ಮಟ್ಟ, ಒಂದು ಟೇಪು ಇದ್ದರೆ ಸಾಕು. ಕೊರತೆಯಿರುವುದು ಮನೆ ಕಟ್ಟುವ ಹಂತದಲ್ಲಿ. ವಸತಿ ಯೋಜನೆಗಳ ಮನೆಗಳಿಗೆ ಒಂದೇ ಬಾಗಿಲು ಕೂರುವ ಕಿರಿದಾದ ಚೌಕಟ್ಟು ಹಾಕುತ್ತಿದ್ದಾರೆ. ಅದಕ್ಕೆ ಹೊರಗಡೆ ಬಾಗಿಲು ಕೂರುವ ಇನ್ನೊಂದು ತೋಡು ತೆಗೆದಿದ್ದರೆ ಫಲಾನುಭವಿ ತನ್ನ ಅನುಕೂಲದಂತೆ ಯಾವಾಗ ಬೇಕಾದರೂ ಜಾಲರಿ ಬಾಗಿಲು ಸೇರಿಸಿಕೊಳ್ಳಬಹುದಿತ್ತು. ಆಮೇಲೆ ಪಟ್ಟಿ ಬಡಿಯುವ ಶ್ರಮಕ್ಕೆ ಹೋಲಿಸಿದರೆ ಮೊದಲೇ ತೋಡು ತೆಗೆಯುವ ಖರ್ಚು ಅತ್ಯಲ್ಪ. ಜಿಲ್ಲಾ ಪಂಚಾಯಿತಿ ಮತ್ತು ವಸತಿ ಇಲಾಖೆಯ ಎಂಜಿನಿಯರುಗಳು ಮುಂದಿನ ಅಂದಾಜು ಪಟ್ಟಿ ತಯಾರಿಸುವಾಗ ಮುಂಬಾಗಿಲಿಗೆ ಎರಡು ತೋಡಿನ ಚೌಕಟ್ಟನ್ನು ಸೇರಿಸಬೇಕೆಂದೂ, ಹುಳುಮನೆಗಳ ಜಾಲರಿ ಪರಿಶೀಲಿಸಲು ಹಳ್ಳಿಗೆ ಬರುವ ರೇಷ್ಮೆ ಇಲಾಖೆಯ ಸಿಬ್ಬಂದಿ ಪಕ್ಕದ ವಾಸದ ಮನೆಯ ಬಾಗಿಲನ್ನೂ ನೋಡಿ ನಾಲ್ಕು ಮಾತು ಹೇಳಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ರೇಷ್ಮೆ ಬೆಳೆಗಾರರೊಬ್ಬರು
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ