ಶ್ರೀಧರನಿಗೆ, ಗ್ಯಾಸ್ ಮೀಟರ್ ಕೆಲಸದ ಬಗ್ಗೆ

ಪ್ರಿಯ ಶ್ರೀಧರ,

ನಿನ್ನ ಪತ್ರ ಸಿಕ್ಕಿತು. ಮಗ ಐಟಿಐ ಫಿಟ್ಟರ್ ಪಾಸಾದದ್ದು ಓದಿ ತುಂಬಾ ಸಂತೋಷವಾಯಿತು ಮಾರಾಯ. ಪೈಪಿನಲ್ಲಿ ಮನೆಗೆ ಬರುವ ಅಡುಗೆ ಗ್ಯಾಸನ್ನು ಅಳೆಯುವ ಮೀಟರಿನ ಮೆಕ್ಯಾನಿಕ್ ಕೆಲಸಕ್ಕೆ ಕರೆ ಬಂದಿದೆ, ಸೇರಿಸುವುದಾ ಬೇಡವಾ, ಅಪಾಯ ಎಷ್ಟು, ಮರ್ಯಾದೆ ಉಂಟಾ ಎಂದು ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇದೇ ಪ್ರಶ್ನೆ ಪೆರ್ಲ, ಬದಿಯಡ್ಕ ಕಡೆಯ ಇನ್ನಷ್ಟು ಮನೆಗಳಲ್ಲೂ ಇರಬಹುದು. ಅದಕ್ಕೆ ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಸೇರಿಸು ಎಂದೇ ಇದೇ ಕೆಲಸ ಮಾಡುವ ನನ್ನ ಉತ್ತರ. ಅದಕ್ಕೆ ಕಾರಣ ಸಂಬಳ ಅಲ್ಲ.

ಮೊದಲು ಹೆದರಿಕೆಯ ಮಾತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗ್ಯಾಸ್ ಪೈಪ್ ಹಾಕುವಾಗ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಎಷ್ಟು ಆತಂಕ ಇತ್ತು ಎಂದು ನಿನಗೆ ನೆನಪಿರಬೇಕು. ಚಂದ್ರಗಿರಿ ಹೊಳೆಯ ಅಡಿಯಿಂದ ಪೈಪು ದಾಟಿಸುವುದೇ ಕೊನೆಯ ದೊಡ್ಡ ಕಷ್ಟವಾಗಿತ್ತು. ಅದೂ ಮುಗಿದು, 2021ರ ಜನವರಿ 5ರಂದು ಉದ್ಘಾಟನೆ ಆಯಿತು. ಆ ದೊಡ್ಡ ಪೈಪಿನ ಒತ್ತಡವೇ ಅಡುಗೆಮನೆಗೂ ಬರುತ್ತದೆ ಎಂದು ತಿಳಿದವರು ಈಗಲೂ ಇದ್ದಾರೆ. ಹಾಗಲ್ಲ. ಹಂತಹಂತವಾಗಿ ಇಳಿಸುತ್ತಾ ಬಂದು, ಮೀಟರಿನ ಹತ್ತಿರ ಇರುವ ರೆಗ್ಯುಲೇಟರ್ ಅದನ್ನು 21 ಮಿಲಿಬಾರಿಗೆ ತರುತ್ತದೆ. ಯು ಆಕಾರದ ಗಾಜಿನ ನಳಿಗೆಯಲ್ಲಿ ನೀರು ಹಾಕಿ ಅಳೆದರೆ ಎರಡು ಕಡೆಯ ನೀರಿಗೆ ಇಪ್ಪತ್ತೊಂದು ಸೆಂಟಿಮೀಟರಿನಷ್ಟು ವ್ಯತ್ಯಾಸ ಕಾಣುತ್ತದೆ. ಅಷ್ಟೇ. ನಾನು ಹೊಸ ಮನೆಗೆ ಹೋದಾಗ ಆ ನೀರನ್ನು ಮನೆಯವರಿಗೆ ತೋರಿಸಿಯೇ ಮುಂದಿನ ಕೆಲಸಕ್ಕೆ ಕೈ ಹಾಕುತ್ತೇನೆ. ಕಣ್ಣಾರೆ ನೋಡಿದ ಮೇಲೆ ಅರ್ಧ ಹೆದರಿಕೆ ಹೋಗುತ್ತದೆ.

ಉಳಿದ ಅರ್ಧ ಇರಬೇಕು. ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಈ ಗ್ಯಾಸ್ ಬೆರೆತರೆ ಒಂದು ಕಿಡಿ ಸಾಕು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ಕೂರುತ್ತದೆ. ಪೈಪಿನದ್ದು ಹೆಚ್ಚಾಗಿ ಮೀಥೇನ್, ಹಗುರ, ಮೇಲಕ್ಕೆ ಏರುತ್ತದೆ. ಆದ್ದರಿಂದ ಇದಕ್ಕೆ ಮಾಡಿನ ಹತ್ತಿರ ಗಾಳಿ ಹೋಗುವ ದಾರಿ ಬೇಕು. ಮಳೆಗಾಲದ ಎರಚಲಿಗೆಂದು ಮೇಲಿನ ಕಿಂಡಿಗಳನ್ನೆಲ್ಲ ಪ್ಲಾಸ್ಟಿಕ್ ಶೀಟು ಹೊಡೆದು ಮುಚ್ಚುವುದು ನಮ್ಮ ಊರಿನ ಅಭ್ಯಾಸ ಅಲ್ವಾ, ಅದನ್ನು ತೆಗೆಸುವುದಕ್ಕೆ ನಾನು ಪಟ್ಟು ಹಿಡಿದು ಕೂರುತ್ತೇನೆ. ಅತ್ತೆ, ಅಕ್ಕ ಎಂದು ವಿನಯದಿಂದಲೇ ಹೇಳುತ್ತೇನೆ, ಆದರೆ ತೆಗೆಯದೆ ಲೈನ್ ಕೊಡುವುದಿಲ್ಲ.

ಇನ್ನು ಮೀಟರ್. ನಿನ್ನ ಮಗನಿಗೆ ಇದು ಹಿಡಿಸುತ್ತದೆ ಎಂದು ನನಗೆ ಧೈರ್ಯ ಇರುವುದು ಇಲ್ಲಿಯೇ. ಆ ಬೂದು ಡಬ್ಬಿಯ ಒಳಗೆ ಕರೆಂಟಿಲ್ಲ, ಮೋಟರಿಲ್ಲ. ಎರಡು ಮೆತ್ತನೆಯ ಪೊರೆಗಳು, ಅವುಗಳ ಎರಡೂ ಬದಿ ಸೇರಿ ನಾಲ್ಕು ಕೋಣೆಗಳು, ಮೇಲೆ ಜಾರುವ ಕವಾಟಗಳು. ಗ್ಯಾಸಿನ ಒತ್ತಡಕ್ಕೆ ಒಂದು ಕೋಣೆ ತುಂಬುವಾಗ ಇನ್ನೊಂದು ಖಾಲಿಯಾಗುತ್ತದೆ. ನಿನ್ನ ಅಪ್ಪ ಅಂಗಳದಲ್ಲಿ ಭತ್ತವನ್ನು ಸೇರಿನಲ್ಲಿ ತುಂಬಿಸಿ, ಸುರಿದು, ಎಣಿಸುತ್ತಿದ್ದದ್ದೂ ಮೀಟರ್ ಮಾಡುವುದೂ ಒಂದೇ ಕೆಲಸ. ಪೊರೆಯ ಓಡಾಟವನ್ನು ಸಣ್ಣ ಸಣ್ಣ ಕೈಗಳು ಹಲ್ಲಿನ ಚಕ್ರಕ್ಕೆ ಒಪ್ಪಿಸುತ್ತವೆ, ಚಕ್ರ ಅಂಕೆಯನ್ನು ಮುಂದೆ ದೂಡುತ್ತದೆ. ಲಂಡನ್ನಿನಲ್ಲಿ ಬೀದಿ ದೀಪಕ್ಕೆ ಕಲ್ಲಿದ್ದಲಿನ ಗ್ಯಾಸ್ ಬಂದ ಹತ್ತೊಂಬತ್ತನೆಯ ಶತಮಾನದಲ್ಲೇ ಗ್ಯಾಸ್ ಮೀಟರುಗಳು ಹುಟ್ಟಿದವು. ಪೊರೆಯ ಮೀಟರೂ ಆ ಕಾಲದ್ದೇ. ಇಂದಿಗೂ ಮನೆಗಳಲ್ಲಿ ಅದೇ ತತ್ವ ನಡೆಯುತ್ತಿದೆ ಎಂದರೆ ನೋಡು!

ಮನೆಗೆ ಹಾಕುವುದು ಸಾಮಾನ್ಯವಾಗಿ ಜಿ 1.6 ಎಂಬ ಅಳತೆಯದ್ದು. ಗಂಟೆಗೆ ಎರಡೂವರೆ ಘನಮೀಟರ್ ವರೆಗೆ ಸಮಾ ಅಳೆಯುತ್ತದೆ. ಕೆಳಗೆ ಗಂಟೆಗೆ 16 ಲೀಟರಿನಷ್ಟು ಸಣ್ಣ ಹರಿವನ್ನೂ ಹಿಡಿಯುತ್ತದೆ. ಎಡದಲ್ಲಿ ಕಪ್ಪು ಅಂಕೆ ಘನಮೀಟರ್, ಬಲದ ಮೂರು ಕೆಂಪು ಅಂಕೆ ಲೀಟರ್. ಬಿಲ್ಲಿಗೆ ಕಪ್ಪು ಸಾಕು. ಮನೆಯ ಸುರಕ್ಷೆಗೆ ಕೆಂಪೇ ಮುಖ್ಯ.

ಮೊನ್ನೆ ಒಂದು ಮನೆಗೆ ಹೋಗಿದ್ದೆ. ಮೀಟರ್ ಹೆಚ್ಚು ಓಡುತ್ತಿದೆ, ಮೋಸ ಎಂದು ದೂರು. ಮನೆಯ ಯಜಮಾನ ಗೇಟಿನಲ್ಲೇ ಮಲಯಾಳದಲ್ಲಿ ಬೈಯಲು ಸುರು ಮಾಡಿದರು, ಒಳಗಿನಿಂದ ಅಜ್ಜಿ ತುಳುವಿನಲ್ಲಿ ಅವರನ್ನೇ ಗದರಿದರು. ನಾನು ಒಲೆಯ ಎರಡೂ ತಿರುಗಣೆ ಮುಚ್ಚಿಸಿ, ಅಜ್ಜಿಯನ್ನೇ ಮೀಟರಿನ ಎದುರು ಸ್ಟೂಲಿನಲ್ಲಿ ಕೂರಿಸಿ, ಕೊನೆಯ ಕೆಂಪು ಅಂಕೆ ನೋಡಿಕೊಂಡಿರಿ ಎಂದೆ. ಸ್ವಲ್ಪ ಹೊತ್ತಿನಲ್ಲಿ "ತಿರುಗುತ್ತಾ ಉಂಟು ಮಗಾ" ಎಂದರು. ಒಲೆಯ ಹಿಂದಿನ ವಾಲ್ವ್ ಮುಚ್ಚಿದೆ, ಅಂಕೆ ನಿಂತಿತು. ಅಂದರೆ ಸೋರುವುದು ವಾಲ್ವಿನಿಂದ ಆಚೆ. ಸಾಬೂನು ನೀರು ಹಚ್ಚಿದಾಗ ರಬ್ಬರ್ ಹೋಸು ಒಲೆಗೆ ಸೇರುವಲ್ಲಿ ಗುಳ್ಳೆ ಎದ್ದಿತು. ಕಿಟಕಿ ಸದಾ ತೆರೆದೇ ಇದ್ದ ಕಾರಣ ವಾಸನೆ ಯಾರಿಗೂ ತಿಳಿದಿರಲಿಲ್ಲ. ಮೀಟರ್ ಹೆಚ್ಚು ಓಡಿದ್ದಲ್ಲ, ಸೋರಿದ್ದನ್ನೂ ಬಿಡದೆ ಲೆಕ್ಕ ಇಟ್ಟಿತ್ತು. ಹೋಸು ಬದಲಿಸಿದೆ. ಈಗ ಆ ಅಜ್ಜಿ ರಾತ್ರಿ ಮಲಗುವ ಮೊದಲು ಕೆಂಪು ಅಂಕೆ ನೋಡಿಯೇ ದೀಪ ಆರಿಸುವುದಂತೆ.

ಶ್ರೀಧರ, ನಾನು ಈ ಕೆಲಸವನ್ನು ಪ್ರೀತಿಸುವುದು ಇದಕ್ಕೇ. ನಮ್ಮ ಜಿಲ್ಲೆಯಲ್ಲಿ ಒಂದು ಓಣಿಗೆ ಹೋದರೆ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಹವ್ಯಕ, ಕರಾಡ ಎಲ್ಲ ಮಾತುಗಳೂ ಸಿಗುತ್ತವೆ. ಮೀಟರಿನ ಮೇಲೆ ಬರೆದದ್ದು ಮಾತ್ರ ಇಂಗ್ಲಿಷ್. ಮನೆಯಲ್ಲಿ ಅಡುಗೆ ಮಾಡುವ ಹೆಂಗಸಿಗೆ ಅವಳ ಮಾತಿನಲ್ಲೇ ಮೀಟರ್ ಓದಲು ಕಲಿಸಿ ಬರುವವರೆಗೆ ಕೆಲಸ ಮುಗಿಯಿತು ಎಂದು ನಾನು ಸಹಿ ಹಾಕಿಸಿಕೊಳ್ಳುವುದಿಲ್ಲ. ಗಂಡಸರಿಗೆ ಹೇಳಿ ಬಂದರೆ ಅದು ಅಲ್ಲಿಗೇ ನಿಲ್ಲುತ್ತದೆ. ನಿನ್ನ ಮಗನಿಗೆ ಕನ್ನಡ, ತುಳು, ಮಲಯಾಳ ಮೂರೂ ಸಲೀಸು. ಹೊರಗಿನಿಂದ ಬಂದ ದೊಡ್ಡ ಡಿಗ್ರಿಯವನಿಗೂ ಇಲ್ಲದ ಬಂಡವಾಳ ಅದು.

ಇನ್ನೊಂದು ಮಾತನ್ನು ಅವನಿಗೆ ನೀನೇ ಹೇಳಬೇಕು. ಮೀಟರಿಗೆ ಸೀಲ್ ಉಂಟು. ಅದನ್ನು ಮನೆಯಲ್ಲಿ ಬಿಚ್ಚುವಂತಿಲ್ಲ. ಅನುಮಾನ ಬಂದರೆ ಇಡೀ ಮೀಟರ್ ಕಳಚಿ, ಬೇರೆ ಹಾಕಿ, ಹಳೆಯದನ್ನು ಪರೀಕ್ಷೆಗೆ ಕಳುಹಿಸಬೇಕು. ನಿಖರತೆಯಲ್ಲಿ 1.5 ದರ್ಜೆಯ ಹೊಸ ಮೀಟರಿಗೆ ಸಾಮಾನ್ಯ ಹರಿವಿನಲ್ಲಿ ಶೇಕಡಾ ಒಂದೂವರೆ, ತೀರಾ ಸಣ್ಣ ಹರಿವಿನಲ್ಲಿ ಶೇಕಡಾ ಮೂರರವರೆಗೆ ಹೆಚ್ಚುಕಡಿಮೆಗೆ ಅವಕಾಶ ಉಂಟು, ಅದರಾಚೆ ಹೋದರೆ ಅದು ಕೆಟ್ಟಿದೆ ಎಂದೇ. "ಸ್ವಲ್ಪ ನಿಧಾನ ಮಾಡಿ ಕೊಡಿ, ಚಾಯಕ್ಕೆ ಏನಾದರೂ ಕೊಡ್ತೇನೆ" ಎನ್ನುವವರು ಸಿಗುತ್ತಾರೆ. ಬೇರೆ ಊರಿನಲ್ಲಿ ಕೆಲಸ ಮಾಡುವಾಗ, ದೂರು ಬಂದ ಮೀಟರನ್ನು ಪರೀಕ್ಷೆಗೆ ಕಳುಹಿಸದೆ "ಸರಿ ಉಂಟು" ಎಂದು ಬರೆದು ಬಾ ಎಂದ ಮೇಲಿನವರೂ ಸಿಕ್ಕಿದ್ದರು. ಎರಡಕ್ಕೂ ನಾನು ಒಪ್ಪಲಿಲ್ಲ. ಕೊಡುವವನೂ ಕೊಳ್ಳುವವನೂ ಒಂದೇ ಅಂಕೆಯನ್ನು ನಂಬಬೇಕಾದರೆ ಮೆಕ್ಯಾನಿಕ್ ಯಾರ ಕಡೆಯವನೂ ಆಗಬಾರದು. ಮರ್ಯಾದೆ ಉಂಟಾ ಎಂದು ಕೇಳಿದೆಯಲ್ಲ, ಈ ಕೆಲಸದ ಮರ್ಯಾದೆ ಇರುವುದು ಇಲ್ಲಿ.

ಕಷ್ಟಗಳೂ ಉಂಟು. ಕಡಲಿನ ಉಪ್ಪುಗಾಳಿಗೆ ಜಿಐ (ಸತು ಬಳಿದ ಕಬ್ಬಿಣದ) ಪೈಪಿನ ಹಳದಿ ಬಣ್ಣ ಎಲ್ಲಿ ಗೀಚಿ ಹೋಗಿದೆಯೋ ಅಲ್ಲಿಂದ ತುಕ್ಕು ಹಿಡಿಯುತ್ತದೆ, ಕ್ಲಾಂಪಿನ ಅಡಿಯಲ್ಲಿ ಹಿಡಿದರೆ ಕಾಣುವುದೂ ಇಲ್ಲ, ಬೆರಳು ಹಾಕಿಯೇ ನೋಡಬೇಕು. ರೆಗ್ಯುಲೇಟರಿನ ಗಾಳಿಯ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದರೆ ಒತ್ತಡ ಹತೋಟಿ ತಪ್ಪುತ್ತದೆ, ಉರಿ ಏರಿಳಿಯುತ್ತದೆ. ಜೂನ್, ಜುಲೈಯ ಮಳೆಯಲ್ಲಿ ಪಾಗಾರ ಹತ್ತಿ ನಿಂತು ಕೆಲಸ ಮಾಡುವುದು ಸುಲಭ ಅಲ್ಲ. ಹಳೆಯ ಸಿಲಿಂಡರ್ ಒಲೆಯನ್ನು ಪೈಪ್ ಗ್ಯಾಸಿಗೆ ಹೊಂದಿಸುವಾಗ ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡು, ಬದಲಿಸಲೇಬೇಕು. ಇದರ ಒತ್ತಡವೂ ಕಡಿಮೆ, ಅಷ್ಟೇ ಗಾತ್ರದ ಗ್ಯಾಸಿನಲ್ಲಿ ಶಾಖವೂ ಕಡಿಮೆ, ಆದ್ದರಿಂದ ತೂತು ದೊಡ್ಡದು ಬೇಕು. ಅದನ್ನು ಬಿಟ್ಟು ಬಂದರೆ ಅನ್ನ ಬೇಯುವುದಿಲ್ಲ ಎಂದು ಮರುದಿನವೇ ಫೋನು.

ಮಗನನ್ನು ಬರುವ ಶನಿವಾರ ಕುಂಬಳೆಗೆ ಕಳುಹಿಸು. ಬೆಳಗ್ಗಿನ ಬಸ್ಸಿಗೆ ಬರಲಿ, ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ. ಹವಾಯಿ ಚಪ್ಪಲಿ ಬೇಡ, ಶೂ ಹಾಕಲಿ. ಜೇಬಿನಲ್ಲಿ ಲೈಟರ್ ಬೇಡ, ಗ್ಯಾಸ್ ಲೈನಿನ ಹತ್ತಿರ ಫೋನ್ ಆಫ್ ಇರಲಿ. ಒಂದು ನೋಟ್‌ಬುಕ್ ತರಲಿ. ಒಪ್ಪುವ ಮೊದಲು ಒಂದು ಇಡೀ ದಿನ ನನ್ನೊಟ್ಟಿಗೆ ಮನೆಮನೆ ತಿರುಗಿ ನೋಡಲಿ, ಆಮೇಲೆ ಅವನೇ ತೀರ್ಮಾನ ಮಾಡಲಿ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಅಡಿಕೆಗೆ ಮದ್ದು ಬಿಡುವ ಕೆಲಸ ಮುಗಿದಿದ್ದರೆ ನೀನೂ ಬಾ.

ಇಂತೀ ನಿನ್ನ,
ಗೋಪಾಲ