ತಿರುಗುವ ಜಾಲಕಕ್ಕೆ ಕೈಹಾಕುವ ಮುನ್ನ

ಚಿ. ಸುಮೇಧನಿಗೆ ದೊಡ್ಡಪ್ಪನ ಆಶೀರ್ವಾದಗಳು.

ತಿರುಗುವ ಜಾಲಕದಲ್ಲಿ, ಅಂದರೆ ಕಡ್ಡಿ-ಗಂಟುಗಳ ಬಲೆಯಂಥ ರಚನೆಯಲ್ಲಿ, ಸ್ಥಿತಿಸ್ಥಾಪಕ ಅಲೆಗಳ (ವಸ್ತು ಬಾಗಿ ಮರಳುತ್ತಾ ಸಾಗುವ ಕಂಪನಗಳ) ಲೆಕ್ಕ ಶುರುಮಾಡಿದ್ದೀಯ, ಬಹಳ ಸಂತೋಷ. ಸಾವಿರ ಬಿಂದುಗಳ ಮಾದರಿ ಆಮೇಲಿರಲಿ. ಮೊದಲು ಒಂದೇ ದ್ರವ್ಯರಾಶಿ, ಎರಡೂ ದಿಕ್ಕಿಗೆ ಸಮ ಬಿಗಿತದ ಸ್ಪ್ರಿಂಗ್ ಇಟ್ಟುಕೊಂಡು ಪ್ರೋಗ್ರಾಂ ಓಡಿಸು. ನಿಂತಾಗಿನ ಆವರ್ತನ 100 ಹರ್ಟ್ಸ್, ವೇಗ ಸೆಕೆಂಡಿಗೆ 10 ಸುತ್ತು ಎಂದಿಟ್ಟುಕೋ. ತಿರುಗುವ ಚೌಕಟ್ಟಿನಲ್ಲಿ, ಅಂದರೆ ಜೊತೆಯಲ್ಲೇ ತಿರುಗುತ್ತಾ ನೋಡಿದಾಗ, ಸರಿಯಾಗಿ 90 ಮತ್ತು 110 ಹರ್ಟ್ಸ್ ಬರಬೇಕು. 90.5, 110.5 ಬಂತೋ, ಕೊರಿಯೊಲಿಸ್ ಪದ (ಚಲಿಸುವ ವಸ್ತುವನ್ನು ಪಕ್ಕಕ್ಕೆ ತಳ್ಳುವ ಬಲ) ಸೇರಿಸಿ ಕೇಂದ್ರಾಪಗಾಮಿ ಪದ (ಅಕ್ಷದಿಂದ ಹೊರಕ್ಕೆ ಎಳೆಯುವ ಬಲ) ಬಿಟ್ಟಿದ್ದೀಯ. ಅಲೆ ತಾನಾಗಿ ಬೆಳೆಯತೊಡಗಿದರೆ ಕೊರಿಯೊಲಿಸ್ ಮಾತೃಕೆಯ ಚಿಹ್ನೆ ನೋಡು: ಕರ್ಣದ ಒಂದು ಬದಿ ಧನವಾದರೆ ಇನ್ನೊಂದು ಬದಿ ಋಣವೇ ಆಗಬೇಕು.

ಇದಾದ ಮೇಲೆ ತೆಳು ಉಂಗುರ. ಇದರ ಮೇಲೆ ಎಷ್ಟು ದಿನ ಕಳೆದರೂ ನಷ್ಟವಿಲ್ಲ. ತಿರುಗುವ ಉಂಗುರದ ಕಂಪನವಿನ್ಯಾಸ ಉಂಗುರಕ್ಕಿಂತ ಹಿಂದೆ ಬೀಳುತ್ತದೆಂದು ಬ್ರಿಟಿಷ್ ಗಣಿತಜ್ಞ ಜಿ. ಎಚ್. ಬ್ರಯಾನ್ 1890ರಲ್ಲೇ ತೋರಿಸಿದ್ದರು. ಉಂಗುರ ಮೊಟ್ಟೆಯಾಕಾರಕ್ಕೆ ಹಿಗ್ಗಿ ಕುಗ್ಗುವ ಕಂಪನವನ್ನೇ ತಗೋ. ನಿಂತಾಗ 5000 ಹರ್ಟ್ಸ್, ವೇಗ ಸೆಕೆಂಡಿಗೆ 100 ಸುತ್ತು. ಉಂಗುರಕ್ಕೇ ಅಂಟಿಸಿದ ಸೆನ್ಸರ್ ಸುಮಾರು 4920 ಮತ್ತು 5080 ತೋರಿಸುತ್ತದೆ. ನೆಲದ ಮೇಲಿಟ್ಟ ಲೇಸರ್ ಅದೇ ಉಂಗುರವನ್ನು ನೋಡಿ ಸುಮಾರು 4880, 5120 ಎನ್ನುತ್ತದೆ. ಎರಡೂ ಸತ್ಯವೇ. ಎಲ್ಲಿ ನಿಂತು ಅಳೆದೆ ಎಂದು ಪ್ರತಿ ನಕ್ಷೆಯ ಮೇಲೂ ಬರೆದಿಡು. ಇಲ್ಲದಿದ್ದರೆ ನೋಡುವ ಜಾಗದಿಂದ ಬಂದ ವ್ಯತ್ಯಾಸವನ್ನು ವಸ್ತುವಿನ ಗುಣವೆಂದು ಬಗೆಯುತ್ತೀಯ. ನಿಂತಾಗಲೂ ಅಳೆ. ತಯಾರಿಕೆಯ ಊನದಿಂದ ಆ ಎರಡು ಆವರ್ತನಗಳ ನಡುವೆ ಮೊದಲೇ 6 ಹರ್ಟ್ಸ್ ಅಂತರವಿದ್ದರೆ, ಸೆಕೆಂಡಿಗೆ ಒಂದು ಸುತ್ತಿನಲ್ಲಿ ಅದು 6.2 ಆಗುತ್ತದೆ, ಅಷ್ಟೆ. ತಿರುಗುವಿಕೆಯ ಪರಿಣಾಮ ಊನದೊಳಗೇ ಮುಚ್ಚಿಹೋಗುತ್ತದೆ.

ಇನ್ನು ಜಾಲಕ. ಇಡೀ ಜಾಲಕವನ್ನೇ ತಿರುಗಿಸಿದರೆ ಅಕ್ಷದಿಂದ ದೂರ ಹೋದಷ್ಟೂ ಹೊರಕ್ಕೆ ಎಳೆಯುವ ಬಲ ಹೆಚ್ಚು, ಕಡ್ಡಿಗಳು ಜಾಗಕ್ಕೊಂದರಂತೆ ಬಿಗಿಯುತ್ತವೆ, ಮರುಕಳಿಸುವ ಒಂದು ಕೋಶ ಇನ್ನೊಂದರಂತಿರುವುದಿಲ್ಲ. ಹಾಗಾಗಿ ಒಂದೇ ಚೌಕ ಕೋಶಕ್ಕೆ ಬ್ಲಾಖ್ ಷರತ್ತು (ಪಕ್ಕದ ಕೋಶದಲ್ಲೂ ಅದೇ ಅಲೆ, ಹಂತ ಮಾತ್ರ ಬೇರೆ ಎನ್ನುವುದು) ಹಾಕುವುದು ಇಲ್ಲಿ ತಪ್ಪು. ಚಕ್ರದಂತೆ ಸಮ ಹೋಳುಗಳಾಗಿ ಸೀಳಿ, ಹೋಳಿನಿಂದ ಹೋಳಿಗೆ ಆ ಷರತ್ತು ಹಾಕು. ನಿಂತ ಜಾಲಕದ ಪ್ರತಿ ಗಂಟಿಗೂ ಪುಟ್ಟ ಗೈರೊಸ್ಕೋಪ್ (ಬುಗುರಿಯಂತೆ ವೇಗವಾಗಿ ಸುತ್ತುವ ಸಾಧನ) ಕಟ್ಟಿದರೆ ಆ ತೊಡಕಿಲ್ಲ. 2015ರಲ್ಲಿ ಜೇನುಗೂಡಿನ ವಿನ್ಯಾಸದಲ್ಲಿ ಗೈರೊಸ್ಕೋಪ್‌ಗಳನ್ನು ಜೋಡಿಸಿ, ಅಂಚಿನುದ್ದಕ್ಕೂ ಒಂದೇ ದಿಕ್ಕಿಗೆ ಹರಿಯುವ ಅಲೆಯನ್ನು ಪ್ರಯೋಗದಲ್ಲೇ ಕಂಡಿದ್ದಾರೆ. ನಿನಗೆ ಆ ದಾರಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಉಂಗುರದ ನಾಲ್ಕೂ ಸಂಖ್ಯೆ ಕೂಡಿ ಬಂದ ಮೇಲೆ ಜಾಲಕದ ನಕ್ಷೆ ಕಳಿಸು.

ನಿನ್ನ ದೊಡ್ಡಪ್ಪ